ಇಂಧನಕೋಶದ ಗಾಳಿಯೂ ಕನ್ನಡದ ಪರಿಭಾಷೆಯೂ

೧

ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿದೆಯೆಂದು ಕವಿರಾಜಮಾರ್ಗವು ಹೇಳಿರುವುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯ. ಕ್ರಿ. ಶ. ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿ ಬರುವ ಕೊಪಣವೇ ಇಂದಿನ ಕೊಪ್ಪಳ. ಸಾಹಿತ್ಯಚರಿತ್ರೆಯ ಪುಸ್ತಕಗಳು ಈ ಮಾತನ್ನು ಗೌರವದಿಂದ ಉಲ್ಲೇಖಿಸಿ ಮುಂದೆ ಸಾಗುತ್ತವೆ. ಆ ನಾಡಿನ ನುಡಿಗೆ ಇಂದು ಯಾವ ಕೆಲಸವನ್ನು ಒಪ್ಪಿಸಬಹುದೆಂಬ ಪ್ರಶ್ನೆ ಮಾತ್ರ ಅಪರೂಪವಾಗಿ ಏಳುತ್ತದೆ. ತಿರುಳೆಂಬುದು ಕಾವ್ಯಕ್ಕೆ ಮೀಸಲಾದುದೆ, ಶಾಸ್ತ್ರಕ್ಕೂ ಒದಗತಕ್ಕುದೆ? ಇದನ್ನು ಸಾಮಾನ್ಯವಾದ ಮಾತುಗಳಲ್ಲಿ ಚರ್ಚಿಸಿದರೆ ಫಲವಿಲ್ಲ. ಕಠಿನವಾದ ಒಂದು ವಿಷಯವನ್ನು ಹಿಡಿದು ಒರೆಗೆ ಹಚ್ಚಿಯೇ ನೋಡಬೇಕು. ಜಲಜನಕದ ಇಂಧನಕೋಶ, ಅದರಲ್ಲಿಯೂ ಆ ಕೋಶಕ್ಕೆ ಒದಗಿಸುವ ಗಾಳಿ, ಅಂತಹ ಒಂದು ವಿಷಯ.

ಈ ವಿಷಯವನ್ನೇ ಆರಿಸುವುದಕ್ಕೆ ಕಾರಣವುಂಟು. ಇಂಧನಕೋಶವನ್ನು ಕುರಿತು ಕನ್ನಡದಲ್ಲಿ ಸಾಧಾರಣವಾಗಿ ದೊರೆಯುವ ವಿವರಣೆಯು, ಜಲಜನಕವೂ ಆಮ್ಲಜನಕವೂ ಕೂಡಿ ವಿದ್ಯುತ್ತೂ ನೀರೂ ಹುಟ್ಟುವುವು ಎಂದು ಹೇಳಿ ವಿರಮಿಸುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಅಲ್ಲಿ ಜಲಜನಕಕ್ಕೆ ಪುಟಗಳೂ ಗಾಳಿಗೆ ಅರ್ಧ ವಾಕ್ಯವೂ ಸಲ್ಲುತ್ತವೆ. ಯಂತ್ರವನ್ನು ನಡೆಸುವವರಿಗಾದರೋ ಕಷ್ಟವಿರುವುದು ಬಹುಮಟ್ಟಿಗೆ ಆ ಅರ್ಧ ವಾಕ್ಯದಲ್ಲಿಯೇ. ವಿವರಣೆ ಇಲ್ಲಿ ಸೊರಗುವುದಕ್ಕೆ ಶಾಸ್ತ್ರಜ್ಞಾನದ ಅಭಾವವು ಕಾರಣವಲ್ಲ. ಕ್ರಿಯೆಗಳನ್ನು ಹೇಳುವ ಮಾತುಗಳನ್ನು ಆರಿಸುವುದರಲ್ಲಿರುವ ದೋಷವೇ ಕಾರಣವೆಂದು ತೋರುತ್ತದೆ.

೨

ಮೊದಲು ವಸ್ತುಸ್ಥಿತಿಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯ. ಜಲಜನಕ ಆಮ್ಲಜನಕಗಳಿಂದ ವಿದ್ಯುತ್ತನ್ನು ಪಡೆಯಬಹುದೆಂಬುದನ್ನು ವಿಲಿಯಂ ಗ್ರೋವ್ ಎಂಬಾತನು ೧೮೩೯ರಲ್ಲಿ ತೋರಿಸಿದನು. ೧೮೪೨ರಲ್ಲಿ ಅಂತಹ ಕೋಶಗಳ ಸಾಲೊಂದನ್ನು ಕಟ್ಟಿದನು. ಈಗ ವಾಹನಗಳಲ್ಲಿ ಬಳಕೆಯಲ್ಲಿರುವ ಬಗೆಯಲ್ಲಿ ನಡುವೆ ಒಂದು ತೆಳುವಾದ ಪೊರೆಯೂ, ಅದರ ಎರಡು ಮೈಗಳಲ್ಲಿಯೂ ಇಂಗಾಲದ ಪುಡಿಯಲ್ಲಿ ಹರಡಿದ ಪ್ಲಾಟಿನಂ ಕಣಗಳೂ ಇರುತ್ತವೆ. ಒಂದು ಬದಿಗೆ ಬಂದ ಜಲಜನಕವು ಪ್ರೋಟಾನು ಇಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನುಗಳು ಪೊರೆಯನ್ನು ದಾಟುತ್ತವೆ. ಇಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿಬಂದು ಕೆಲಸ ಮಾಡುತ್ತವೆ. ಮತ್ತೊಂದು ಬದಿಯಲ್ಲಿ ಇವೆರಡೂ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತವೆ. ಸಿದ್ಧಾಂತದ ಪ್ರಕಾರ ಒಂದು ಕೋಶಕ್ಕೆ ೧.೨೩ ವೋಲ್ಟು ದೊರೆಯಬೇಕು. ಹೊರೆ ಹೊತ್ತಾಗ ದೊರೆಯುವುದು ಸುಮಾರು ೦.೬ರಿಂದ ೦.೭ ವೋಲ್ಟು. ಈ ನಷ್ಟದ ದೊಡ್ಡ ಪಾಲು ಗಾಳಿಯ ಬದಿಯದು. ಏಕೆಂದರೆ ಜಲಜನಕವು ಒಡೆಯುವುದಕ್ಕಿಂತ ಆಮ್ಲಜನಕವು ನೀರಾಗುವುದು ಬಹಳ ನಿಧಾನವಾದ ಕ್ರಿಯೆ.

ಪ್ರಮಾಣಗಳೂ ಗಮನಾರ್ಹವಾಗಿವೆ. ೧ ಕಿಲೋಗ್ರಾಂ ಜಲಜನಕಕ್ಕೆ ೮ ಕಿಲೋಗ್ರಾಂ ಆಮ್ಲಜನಕ ಬೇಕು. ಗಾಳಿಯ ತೂಕದಲ್ಲಿ ಆಮ್ಲಜನಕವು ಕಾಲುಪಾಲಿಗಿಂತ ಕಡಮೆಯಾದುದರಿಂದ ಅಷ್ಟಕ್ಕೆ ಸುಮಾರು ೩೪ ಕಿಲೋಗ್ರಾಂ ಗಾಳಿಯನ್ನು ತರಬೇಕಾಗುತ್ತದೆ. ಲೆಕ್ಕಕ್ಕೆ ಸರಿಯಾಗಿ ಅಷ್ಟನ್ನೇ ತಂದರೂ ಕೋಶವು ನಡೆಯದು. ಬೇಕಾದುದರ ಒಂದೂವರೆಯಿಂದ ಎರಡೂವರೆ ಪಾಲನ್ನು ಊದುವುದು ರೂಢಿ. ಹುಟ್ಟುವ ನೀರು ೯ ಕಿಲೋಗ್ರಾಂ; ಅದರ ಬಹುಭಾಗವನ್ನು ಹೊರಕ್ಕೆ ಒಯ್ಯತಕ್ಕುದೂ ಈ ಗಾಳಿಯೇ.

ಬೆಂಗಳೂರಿನಲ್ಲಿ ಕೇಂದ್ರಕಾರ್ಯಾಲಯವುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು ೨೦೨೪ರ ಜನವರಿ ೧ರಂದು ಹಾರಿಸಿದ ಪಿ.ಎಸ್.ಎಲ್.ವಿ.-ಸಿ೫೮ ರಾಕೆಟ್ಟಿನ ಕೊನೆಯ ಹಂತದಲ್ಲಿ ೧೦೦ ವಾಟ್ ವರ್ಗದ ಇಂಧನಕೋಶವೊಂದನ್ನು ಇರಿಸಿ ಪರೀಕ್ಷಿಸಿತು. ಅದರಿಂದ ೧೮೦ ವಾಟ್ ಶಕ್ತಿಯು ದೊರೆಯಿತು. ಅಲ್ಲಿ ಜಲಜನಕವೂ ಆಮ್ಲಜನಕವೂ ಒತ್ತಡದ ಪಾತ್ರೆಗಳಲ್ಲಿ ಶುದ್ಧವಾಗಿ ತುಂಬಿಹೋಗಿದ್ದವು. ಆದುದರಿಂದ ಗಾಳಿಯ ಪ್ರಶ್ನೆ ಆಕಾಶದಲ್ಲಿ ಹುಟ್ಟಲಿಲ್ಲ. ಕೋಶವು ನೆಲಕ್ಕಿಳಿದು ಎಲ್ಲರೂ ಉಸಿರಾಡುವ ಗಾಳಿಯನ್ನು ಬಳಸತೊಡಗಿದಾಗಲೇ ಅದು ಹುಟ್ಟುತ್ತದೆ. ಕನ್ನಡವು ಉತ್ತರ ಹೇಳಬೇಕಾದುದೂ ಈ ನೆಲದ ಪ್ರಶ್ನೆಗೆ.

೩

ಪರಿಭಾಷೆಯ ವಿಮರ್ಶೆಯಲ್ಲಿ ವಸ್ತುಗಳ ಹೆಸರುಗಳನ್ನೂ ಕ್ರಿಯೆಗಳ ಹೆಸರುಗಳನ್ನೂ ಬೇರೆಬೇರೆಯಾಗಿ ನೋಡುವುದು ಯುಕ್ತ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿರುವುದರಿಂದಲೇ ಇಲ್ಲಿಯ ವಾದಗಳು ಕೊನೆಮುಟ್ಟದೆ ಉಳಿದಿವೆ.

ಆಮ್ಲಜನಕವೆಂಬ ಶಬ್ದವು ಆಮ್ಲವನ್ನು ಹುಟ್ಟಿಸುವುದೆಂಬ ಅರ್ಥದ್ದು. ಎಲ್ಲ ಆಮ್ಲಗಳಿಗೂ ಈ ವಾಯುವೇ ಮೂಲವೆಂದು ಲಾವಾಸಿಯೇ ನಂಬಿ ಇಟ್ಟ ಹೆಸರಿನ ಅನುವಾದವದು. ಆ ನಂಬಿಕೆ ತಪ್ಪೆಂಬುದನ್ನು, ಆಮ್ಲಜನಕವಿಲ್ಲದ ಆಮ್ಲವೊಂದನ್ನು ತೋರಿಸಿ, ಹಂಫ್ರಿ ಡೇವಿಯು ೧೮೧೦ರಲ್ಲಿಯೇ ಸ್ಥಾಪಿಸಿದನು. ಎಂದರೆ ಕನ್ನಡವು ಈ ಹೆಸರನ್ನು ಅನುವಾದಿಸಿಕೊಂಡಾಗ ಅದರೊಳಗಿನ ಸಿದ್ಧಾಂತವು ಸತ್ತುಹೋಗಿತ್ತು. ಸಾರಜನಕವೆಂಬ ಹೆಸರು ಹೊಲಕ್ಕೆ ಒಪ್ಪುತ್ತದೆ. ಇಂಧನಕೋಶದಲ್ಲಾದರೋ ಅದು ಗಾಳಿಯ ಐದರಲ್ಲಿ ನಾಲ್ಕು ಪಾಲಾಗಿ ಬಂದು, ಯಾವ ಸಾರವನ್ನೂ ಹುಟ್ಟಿಸದೆ, ದಾರಿಗೆ ಅಡ್ಡವಾಗಿ ನಿಂತು ಹೊರಹೋಗುತ್ತದೆ. ಜಲಜನಕವೊಂದೇ ಹೆಸರಿಗೆ ತಕ್ಕಂತೆ ನಡೆಯುವುದು. ಕೋಶದಲ್ಲಿ ಅದು ನಿಜವಾಗಿಯೂ ಜಲವನ್ನು ಹಡೆಯುತ್ತದೆ.

ಇಷ್ಟರಿಂದ ಆಮ್ಲಜನಕವನ್ನು ಬಿಟ್ಟುಬಿಡಬೇಕೆಂದು ವಾದಿಸುವುದು ಸರಿಯಲ್ಲ. ವಸ್ತುವಿನ ಹೆಸರು ಒಂದು ಮುದ್ರೆ. ಅದರ ವ್ಯುತ್ಪತ್ತಿಯನ್ನು ಯಾರೂ ನಿತ್ಯವೂ ಓದುವುದಿಲ್ಲ. ಅದು ಯಾವ ವಸ್ತುವನ್ನು ತೋರಿಸುತ್ತದೆಯೆಂಬುದು ನಿಶ್ಚಿತವಾಗಿದ್ದರೆ ಸಾಕು. ಪ್ಲಾಟಿನಂ, ಪ್ರೋಟಾನು ಮುಂತಾದ ಎರವಲು ಮಾತುಗಳಿಗೂ ಇದೇ ನ್ಯಾಯ ಸಲ್ಲುತ್ತದೆ.

ಕ್ರಿಯೆಯನ್ನು ಸೂಚಿಸುವ ಹೆಸರಿನಲ್ಲಿ ಮಾತ್ರ ಇಂತಹ ಔದಾರ್ಯ ಅಪಾಯಕರ. ಪಾಠಪುಸ್ತಕಗಳಲ್ಲಿ ಕ್ಯಾಥೋಡಿಗೆ ಋಣಾಗ್ರವೆಂದೂ ಆನೋಡಿಗೆ ಧನಾಗ್ರವೆಂದೂ ಹೆಸರುಂಟು. ನೀರನ್ನು ವಿದ್ಯುತ್ತಿನಿಂದ ಒಡೆಯುವ ಪಾತ್ರೆಯಲ್ಲಿ ಇವು ನಿಜ. ಇಂಧನಕೋಶವು ವಿದ್ಯುತ್ತನ್ನು ಕೊಡತಕ್ಕ ಯಂತ್ರ. ಇಲ್ಲಿ ಗಾಳಿ ಬರುವ ಕ್ಯಾಥೋಡೇ ಧನ, ಜಲಜನಕ ಬರುವ ಆನೋಡೇ ಋಣ. ಹೀಗಾಗಿ ಕನ್ನಡದ ವಿದ್ಯಾರ್ಥಿಯು ಋಣಾಗ್ರವು ಧನವಾಗಿದೆಯೆಂಬ ವಾಕ್ಯವನ್ನು ಬರೆಯಬೇಕಾಗುತ್ತದೆ. ಮೂಲಶಬ್ದಗಳಲ್ಲಿ ಈ ತೊಡಕಿಲ್ಲ. ಫ್ಯಾರಡೆಯು ೧೮೩೪ರಲ್ಲಿ ಹ್ಯೂಯೆಲ್ ಪಂಡಿತನ ನೆರವಿನಿಂದ ಆ ಹೆಸರುಗಳನ್ನು ಇಟ್ಟಾಗ ಧನ ಋಣಗಳ ಮಾತನ್ನು ಬೇಕೆಂದೇ ದೂರವಿಟ್ಟು, ಏರುವ ದಾರಿ, ಇಳಿಯುವ ದಾರಿ ಎಂಬ ಅರ್ಥದ ಗ್ರೀಕ್ ಪದಗಳನ್ನು ಆರಿಸಿಕೊಂಡಿದ್ದನು. ಅನುವಾದಕರು ಆ ಎಚ್ಚರವನ್ನು ಕಳೆದರು. ಇಂಧನಕೋಶದ ಮಟ್ಟಿಗೆ ಗಾಳಿಬದಿ, ಜಲಜನಕದ ಬದಿ ಎಂದರೆ ಈ ಸಂಕಟವು ತಾನಾಗಿ ಪರಿಹಾರವಾಗುತ್ತದೆ. ಗಾಳಿದ್ವಾರವೆಂದು ಹೇಳಬಹುದಾಗಿತ್ತು, ಆದರೆ ಅಚ್ಚಗನ್ನಡದ ಮಾತಿಗೆ ಸಂಸ್ಕೃತವನ್ನು ಬೆಸೆಯುವ ಅರಿಸಮಾಸಕ್ಕೆ ಇಲ್ಲಿ ಅಗತ್ಯವೇ ಇಲ್ಲ.

೪

ಇನ್ನು ಗಾಳಿಯ ಪ್ರಮಾಣದಿಂದ ಕೋಶದಲ್ಲಿ ನಡೆಯುವ ವ್ಯಾಪಾರಗಳಿಗೆ ಬರಬೇಕು. ಇವನ್ನು ಹೇಳುವುದಕ್ಕೆ ಎರಡು ಉಪಮಾನಗಳು ರೂಢಿಯಲ್ಲಿವೆ: ಒಂದು ಉರಿ, ಇನ್ನೊಂದು ಉಸಿರು. ಉರಿಯಲ್ಲಿ ಇಂಧನವೂ ಗಾಳಿಯೂ ನೇರವಾಗಿ ಬೆರೆಯುತ್ತವೆ. ಕೋಶದಲ್ಲಿ ಅವು ಬೆರೆಯದಂತೆ ಪೊರೆಯು ತಡೆಯುವುದರಿಂದಲೇ ಶಕ್ತಿಯು ಬೆಂಕಿಯಾಗದೆ ವಿದ್ಯುತ್ತಾಗುವುದು. ಆದುದರಿಂದ ಈ ಉಪಮಾನವು ಮುಖ್ಯವಾದ ಅಂಶವನ್ನೇ ಮರೆಸುತ್ತದೆ. ಉಸಿರು ಇದಕ್ಕಿಂತ ಮೇಲು; ಪೊರೆಯ ಕಲ್ಪನೆ ಅದರಲ್ಲಿದೆ. ಆದರೆ ಉಸಿರು ತನ್ನ ಹದವನ್ನು ತಾನೇ ಕಾಯ್ದುಕೊಳ್ಳುತ್ತದೆ, ಓಡುವವನು ಎಣಿಸಿ ಉಸಿರಾಡುವುದಿಲ್ಲ. ಕೋಶಕ್ಕೆ ಆ ಸ್ವಭಾವವಿಲ್ಲ. ಅದರ ಗಾಳಿಯನ್ನು ಹೊರಗಿನಿಂದ ಅಳೆದೇ ಕೊಡಬೇಕು. ಆದಕಾರಣ ಮೈಯಿಂದ ತೆಗೆದ ಉಪಮಾನಕ್ಕಿಂತ ದುಡಿಮೆಯಿಂದ ತೆಗೆದ ಮಾತುಗಳೇ ಇಲ್ಲಿ ಹೆಚ್ಚು ಉಪಯುಕ್ತ. ಕೊಪ್ಪಳ ಜಿಲ್ಲೆಯು ೧೯೯೭ರಲ್ಲಿ ರಚಿತವಾದಾಗ ಅದರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದುವು. ಅಂತಹ ಮಾತುಗಳು ಈ ನಾಲ್ಕು ತಾಲ್ಲೂಕುಗಳ ಹೊಲ, ಕಣ, ಕುಲುಮೆಗಳಲ್ಲಿಯೇ ಬಳಕೆಯಲ್ಲಿವೆ.

ಮೊದಲನೆಯದು ಬರ. ಕುಷ್ಟಗಿ ಯಲಬುರ್ಗಾಗಳ ಮಳೆಯಾಶ್ರಯದ ಹೊಲಗಳಲ್ಲಿ ಬರವೆಂದರೆ ಮಳೆಯೇ ಬೀಳದಿರುವುದೆಂದು ಅರ್ಥವಲ್ಲ. ಪೈರು ಬೇಡಿದ ಹೊತ್ತಿಗೆ ಬೀಳದಿರುವುದು. ವರ್ಷದ ಒಟ್ಟು ಮಳೆ ಸರಿಯಾಗಿದ್ದೂ ಬರವಾಗಬಹುದು. ಕೋಶದಲ್ಲಿ ಆಗುವುದೂ ಇದೇ. ವಾಹನವು ಏರನ್ನು ಹತ್ತತೊಡಗಿದೊಡನೆ ವಿದ್ಯುತ್ತಿನ ಬೇಡಿಕೆ ಕ್ಷಣದಲ್ಲಿ ಏರುತ್ತದೆ. ಗಾಳಿಯನ್ನು ಊದುವ ಯಂತ್ರವು ವೇಗಕ್ಕೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ನಡುವೆ ಸರಾಸರಿ ಲೆಕ್ಕದಲ್ಲಿ ಗಾಳಿ ಸಾಕಷ್ಟಿದ್ದರೂ ಗಾಳಿಬದಿಯು ಬರಕ್ಕೆ ಸಿಕ್ಕುತ್ತದೆ, ವೋಲ್ಟು ಕುಸಿಯುತ್ತದೆ, ಅಭಾವವು ತೀವ್ರವಾದರೆ ದಾಟಿಬಂದ ಪ್ರೋಟಾನುಗಳು ನೀರಾಗುವ ಬದಲು ಗಾಳಿಯ ಬದಿಯಲ್ಲಿ ಮತ್ತೆ ಜಲಜನಕವೇ ಆಗುತ್ತವೆ. ಗಾಳಿಯ ಅಭಾವವೆಂದು ಬರೆದರೆ ಪ್ರಮಾಣವಷ್ಟೇ ತಿಳಿಯುತ್ತದೆ. ಗಾಳಿಯ ಬರವೆಂದರೆ ಕಾಲವೂ ತಿಳಿಯುತ್ತದೆ.

ಇದರೊಡನೆ ಸೇರಿಸಬೇಕಾದ ಇನ್ನೊಂದು ಮಾತು ಕೊನೆಭಾಗ. ತುಂಗಭದ್ರೆಯ ಎಡದಂಡೆಯ ಕಾಲುವೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಕಾಲುವೆಯ ಮೊದಲಿಗೆ ದೊರೆತ ನೀರು ಕೊನೆಗೆ ದೊರೆಯುವುದಿಲ್ಲ. ಕೋಶದ ಸಣ್ಣ ಕಾಲುವೆಗಳಲ್ಲಿ ಗಾಳಿಯು ನೂರಕ್ಕೆ ೨೧ ಪಾಲು ಆಮ್ಲಜನಕದೊಡನೆ ಒಳಹೊಗುತ್ತದೆ. ಅವಶ್ಯವಾದುದರ ಎರಡರಷ್ಟು ಗಾಳಿಯನ್ನು ಕೊಟ್ಟರೂ, ನೀರಾವಿಯನ್ನು ಬಿಟ್ಟು ಲೆಕ್ಕ ಹಾಕಿದಲ್ಲಿ, ಹೊರಬೀಳುವಾಗ ಅದು ಸುಮಾರು ೧೨ಕ್ಕೆ ಇಳಿದಿರುತ್ತದೆ. ಕೊನೆಭಾಗಕ್ಕೂ ಸಾಲುವಂತೆ ಮಾಡುವುದಕ್ಕಾಗಿಯೇ ಲೆಕ್ಕಕ್ಕಿಂತ ಹೆಚ್ಚಾಗಿ ಊದಬೇಕಾಗುವುದು.

ಎರಡನೆಯದು ಜವಳು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಗಂಗಾವತಿಯ ಸೀಮೆಗೆ ಬತ್ತದ ಬೆಳೆಯು ಹಬ್ಬಿದ ಮೇಲೆ ಅನೇಕ ಭೂಮಿಗಳು ಸವಳು ಜವಳಾದುವು. ಇಂತಹ ನೆಲಗಳ ಸುಧಾರಣೆಯು ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದ ಮುಖ್ಯ ಕೆಲಸಗಳಲ್ಲಿ ಒಂದಾಗಿದೆ. ಜವಳು ನೆಲದಲ್ಲಿ ಪೈರು ಕೆಡುವುದು ನೀರಿನ ಕೊರತೆಯಿಂದಲ್ಲ. ಮಣ್ಣಿನ ಸಂದುಗಳಲ್ಲಿ ನೀರು ನಿಂತು ಬೇರಿಗೆ ಗಾಳಿ ಮುಟ್ಟದೆ ಹೋಗುವುದರಿಂದ. ಗಾಳಿಬದಿಯ ರಂಧ್ರಗಳಲ್ಲಿ, ಅಲ್ಲಿಯೇ ಹುಟ್ಟಿದ ನೀರು ತುಂಬಿಕೊಂಡಾಗ ಆಗುವ ಕೆಡುಕೂ ಅಕ್ಷರಶಃ ಇದೇ. ಇದನ್ನು ಪ್ರವಾಹವೆಂದು ಅನುವಾದಿಸಿದರೆ ರಭಸದಿಂದ ಹರಿಯುವ ನೀರಿನ ಚಿತ್ರವು ಬಂದು ಅರ್ಥ ಕೆಡುತ್ತದೆ. ಇಲ್ಲಿ ನೀರು ಹರಿಯದಿರುವುದೇ ರೋಗ. ಹೋಲಿಕೆಗೆ ಒಂದು ಮಿತಿಯೂ ಉಂಟು. ಹೊಲದಲ್ಲಿ ನೀರು ತರುವ ಕಾಲುವೆ ಬೇರೆ, ಹೆಚ್ಚಿನ ನೀರನ್ನು ಒಯ್ಯುವ ಬಸಿಗಾಲುವೆ ಬೇರೆ. ಕೋಶದಲ್ಲಿ ಗಾಳಿಯನ್ನು ತರುವ ಕಾಲುವೆಯೇ ನೀರಿನ ಬಸಿಗಾಲುವೆಯೂ ಆಗಿರಬೇಕು. ಆ ಎರಡು ಕೆಲಸಗಳ ಅವಶ್ಯಕತೆಗಳು ಒಂದಕ್ಕೊಂದು ಹೊಂದದಿರುವುದೇ ಯಂತ್ರಶಿಲ್ಪಿಯ ಕಷ್ಟ.

ನೀರನ್ನು ಹೊರದೂಡುವುದಕ್ಕಾಗಿ ಒಣಗಾಳಿಯನ್ನು ಅತಿಯಾಗಿ ಊದಿದರೆ ಪೊರೆಯು ಒಣಗುತ್ತದೆ. ಒಣಗಿದ ಪೊರೆಯಲ್ಲಿ ಪ್ರೋಟಾನುಗಳು ಸುಲಭವಾಗಿ ದಾಟಲಾರವು. ಪೊರೆಯ ತಡೆ ಏರುತ್ತದೆ. ಗಾಳಿಯು ಒಳಹೊಗುವೆಡೆಯಲ್ಲಿ ಒಣಗು, ಹೊರಬೀಳುವೆಡೆಯಲ್ಲಿ ಜವಳು, ಹೀಗೆ ಎರಡೂ ಒಂದೇ ಕೋಶದಲ್ಲಿ ಒಮ್ಮೆಗೇ ಇರಬಹುದು. ಒಂದೇ ಜಿಲ್ಲೆಯ ಕುಷ್ಟಗಿಯಲ್ಲಿ ಬರವನ್ನೂ ಗಂಗಾವತಿಯಲ್ಲಿ ಜವಳನ್ನೂ ಕಂಡವರಿಗೆ ಇದನ್ನು ಒಪ್ಪಿಸುವುದಕ್ಕೆ ಹೆಚ್ಚಿನ ವಾದ ಬೇಡ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹದ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅವಕಾಶವಾದದ ಉಪದೇಶವೆಂದು ಮಾತ್ರ ಉದಾಹರಿಸುವುದುಂಟು. ಕಣದಲ್ಲಿ ನಿಂತು ಜೋಳವನ್ನೋ ಸಜ್ಜೆಯನ್ನೋ ತೂರಿದವರಿಗೆ ಅದರ ಅರ್ಥ ಬೇರೆ. ಗಾಳಿ ಸಾಲದಿದ್ದರೆ ಹೊಟ್ಟು ಕಾಳಿನೊಡನೆಯೇ ಬೀಳುತ್ತದೆ. ಅತಿಯಾದರೆ ಕಾಳೂ ಹಾರಿಹೋಗುತ್ತದೆ. ಇವೆರಡರ ನಡುವಣ ಗಾಳಿಯೇ ಹದವಾದ ಗಾಳಿ. ಇಂಧನಕೋಶದ ಗಾಳಿಯ ನಿಯಮವೂ ಇದೇ. ಗಾಳಿಯನ್ನು ಹೆಚ್ಚಿಸಿದಂತೆ ಮೊದಲು ವೋಲ್ಟು ಬೇಗಬೇಗನೆ ಏರುತ್ತದೆ. ಬರಬರುತ್ತ ಏರಿಕೆ ಕುಗ್ಗುತ್ತದೆ. ಊದುವ ಯಂತ್ರವಾದರೋ ಕೋಶವು ಹುಟ್ಟಿಸಿದ ವಿದ್ಯುತ್ತನ್ನೇ ತಿಂದು ನಡೆಯುತ್ತದೆ. ವಾಹನಗಳಲ್ಲಿ ಪೂರ್ಣ ಹೊರೆಯ ಹೊತ್ತಿಗೆ ಅದರ ಪಾಲು ಹತ್ತರಲ್ಲೊಂದನ್ನು ಮೀರಬಹುದು. ಒತ್ತಡದ ವಿಷಯವೂ ಹೀಗೆಯೇ. ೮೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಮ್ಲಜನಕದ ಒತ್ತಡವನ್ನು ಇಮ್ಮಡಿಸಿದರೆ ಸಮತೋಲದ ಸೂತ್ರದ ಪ್ರಕಾರ ಹೆಚ್ಚುವುದು ಸುಮಾರು ೫ ಮಿಲಿವೋಲ್ಟು ಮಾತ್ರ; ಕ್ರಿಯೆಯ ವೇಗವು ಹೆಚ್ಚುವುದರಿಂದ ನಿಜವಾದ ಲಾಭವು ಇದನ್ನು ಮೀರುವುದಾದರೂ, ಒತ್ತುವ ವೆಚ್ಚವನ್ನು ಅದರಲ್ಲಿ ಕಳೆಯಲೇಬೇಕು. ಹೀಗೆ ಉಳಿಯುವ ನಿವ್ವಳ ಶಕ್ತಿಯು ಒಂದು ಪ್ರಮಾಣದವರೆಗೆ ಏರಿ ಬಳಿಕ ಇಳಿಯುತ್ತದೆ. ಈ ಬಿಂದುವನ್ನು ಗರಿಷ್ಠ ಗಾಳಿಯೆಂದು ಹೇಳುವುದು ತಪ್ಪು, ಅನುಕೂಲತಮವೆಂಬುದು ಬಾಯಿಗೆ ಬಾರದ ಮಾತು. ಹದವೆಂಬುದಕ್ಕೆ ಈ ಎರಡು ದೋಷಗಳೂ ಇಲ್ಲ. ಹೆಚ್ಚಿದರೂ ಕೆಡುವುದು, ಕಡಮೆಯಾದರೂ ಕೆಡುವುದು ಎಂಬ ಲಕ್ಷಣವು ಆ ಎರಡಕ್ಷರಗಳಲ್ಲಿಯೇ ಅಡಗಿದೆ.

ಊದುವ ಯಂತ್ರಕ್ಕೂ ಹೆಸರಿಗೆ ಬರಗಾಲವಿಲ್ಲ. ಕಮ್ಮಾರನ ತಿದಿ ಹಳಗನ್ನಡದಿಂದಲೂ ಬಂದ ಮಾತು. ಕಬ್ಬಿಣವನ್ನು ಕರಗಿಸುವ ದೊಡ್ಡ ಕುಲುಮೆಗೆ ಪಾಠಪುಸ್ತಕಗಳು ಊದುಕುಲುಮೆಯೆಂಬ ಹೆಸರನ್ನು ಕೊಟ್ಟು ಗೆದ್ದಿವೆ. ಆ ಯಂತ್ರದಲ್ಲಿ ಏನು ನಡೆಯುತ್ತದೆಯೆಂಬುದನ್ನು ಅದರ ಹೆಸರೇ ಹೇಳುತ್ತದೆ. ಇಂಧನಕೋಶಕ್ಕೆ ಗಾಳಿಯನ್ನು ಒತ್ತುವ ಯಂತ್ರವನ್ನು ತಿದಿಯೆಂದು ಕರೆಯುವುದರಲ್ಲಿ ಯಾವ ಅನೌಚಿತ್ಯವೂ ಕಾಣದು.

ಕಡೆಯದಾಗಿ ನಂಜು. ಗಾಳಿಯೊಡನೆ ಬಂದ ಗಂಧಕದ ಡೈ ಆಕ್ಸೈಡ್ ಅತ್ಯಲ್ಪ ಪ್ರಮಾಣದಲ್ಲಿಯೂ ಪ್ಲಾಟಿನಂ ಕಣಗಳ ಮೇಲೆ ಕುಳಿತು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಸಾರಜನಕದ ಆಕ್ಸೈಡುಗಳ ಕೇಡು ಶುದ್ಧವಾದ ಗಾಳಿಯನ್ನು ಊದಿದಾಗ ಬಹುಮಟ್ಟಿಗೆ ಕಳೆಯುತ್ತದೆ. ಗಂಧಕದ್ದು ಅಷ್ಟು ಸುಲಭವಾಗಿ ಬಿಡದು. ನಂಜೇರುವುದು, ನಂಜಿಳಿಯುವುದು ಎಂಬ ಎರಡು ಕ್ರಿಯಾಪದಗಳು ಈ ಭೇದವನ್ನು ಅನಾಯಾಸವಾಗಿ ಹೇಳಬಲ್ಲವು. ಊರ ಮಗ್ಗುಲಿನ ಉಕ್ಕಿನ ಕಾರ್ಖಾನೆಯ ವಿಸ್ತರಣವನ್ನು ವಿರೋಧಿಸಿ ೨೦೨೫ರ ಫೆಬ್ರವರಿಯಲ್ಲಿ ಜನರು ಬೀದಿಗಿಳಿದ ಕೊಪ್ಪಳದಲ್ಲಿ, ಗಾಳಿಯ ಪ್ರಮಾಣದೊಡನೆ ಗುಣವನ್ನೂ ಎಣಿಸಬೇಕೆಂಬುದು ಬರಿಯ ಪುಸ್ತಕದ ಮಾತಲ್ಲ.

೫

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇವು ಪ್ರಾಂತಭೇದದ ಮಾತುಗಳು, ಎಲ್ಲ ಕನ್ನಡಿಗರಿಗೂ ತಿಳಿಯಲಾರವು ಎಂಬುದು ಒಂದು. ಬರ, ಹದ, ನಂಜು, ತಿದಿಗಳಿಗೆ ಈ ಆಕ್ಷೇಪವು ಸಲ್ಲದು. ಜವಳಿಗೆ ಸ್ವಲ್ಪಮಟ್ಟಿಗೆ ಸಲ್ಲಬಹುದು. ಆದರೆ ಹೊಸದಾಗಿ ಕಟ್ಟಿದ ಸಂಸ್ಕೃತಸಮಾಸವು ಯಾವ ಪ್ರಾಂತದವರಿಗೂ ತಿಳಿಯುವುದಿಲ್ಲ, ಜವಳಾದರೋ ಕೆಲವರಿಗಾದರೂ ತಿಳಿದೇ ಇದೆ. ರೂಢಿಯ ಮಾತುಗಳಿಗೆ ಶಾಸ್ತ್ರದ ನಿಷ್ಕೃಷ್ಟತೆ ಇಲ್ಲವೆಂಬುದು ಇನ್ನೊಂದು. ನಿಷ್ಕೃಷ್ಟತೆಯು ಶಬ್ದಕ್ಕೆ ಹುಟ್ಟಿನಿಂದ ಬರುವ ಗುಣವಲ್ಲ. ಲಕ್ಷಣವನ್ನು ಹೇಳಿ ಬಳಸಿದಾಗ ಬರುವ ಗುಣ. ಋಣಾಗ್ರವು ಎಷ್ಟು ಶಾಸ್ತ್ರೀಯವಾಗಿ ಕಂಡರೂ ಇಲ್ಲಿ ಸುಳ್ಳನ್ನೇ ಹೇಳುತ್ತದೆ.

ಈ ಪ್ರಶ್ನೆಯು ಕೊಪ್ಪಳದ ಸೀಮೆಗೆ ವಿಶೇಷವಾಗಿ ಸಂಬಂಧಪಟ್ಟಿದೆ. ೧೯೧೮ರ ಸುಮಾರಿನಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯ ಮೂಲಕ ಶಾಸ್ತ್ರವಿಷಯಗಳನ್ನು ಕನ್ನಡಕ್ಕೆ ತರುತ್ತಿದ್ದ ಕಾಲದಲ್ಲಿಯೇ, ಹೈದರಾಬಾದಿನಲ್ಲಿ ಉರ್ದುಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಏರ್ಪಟ್ಟು, ಅದರ ಭಾಷಾಂತರ ಇಲಾಖೆಯು ಶಾಸ್ತ್ರಪದಗಳನ್ನು ಉರ್ದುವಿನಲ್ಲಿ ಕಟ್ಟುತ್ತಿತ್ತು. ಈ ನಾಲ್ಕು ತಾಲ್ಲೂಕುಗಳು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದುವು. ಎಂದರೆ ತಿರುಳ್ಗನ್ನಡದ ನಾಡೆಂದು ಹೊಗಳಿಸಿಕೊಂಡ ಸೀಮೆಯಿಂದಲೇ ಉನ್ನತ ವ್ಯಾಸಂಗಕ್ಕೆ ಹೋದವನು ಆ ವಿಶ್ವವಿದ್ಯಾನಿಲಯದಲ್ಲಿ ಶಾಸ್ತ್ರವನ್ನು ತನ್ನ ನುಡಿಯಲ್ಲಿ ಕಲಿಯಲಿಲ್ಲ. ಬಳಿಕ ಬಂದ ಕನ್ನಡ ಪಾಠಪುಸ್ತಕಗಳು ಅವನ ಮಕ್ಕಳಿಗೆ ಕನ್ನಡ ಲಿಪಿಯನ್ನು ಕೊಟ್ಟವು. ಅವರ ಹೊಲದ ಕ್ರಿಯಾಪದಗಳನ್ನು ಮಾತ್ರ ಶಾಸ್ತ್ರದ ಹೊಸ್ತಿಲಿನ ಹೊರಗೆಯೇ ಬಿಟ್ಟವು. ಬರವನ್ನೂ ಜವಳನ್ನೂ ಹದವನ್ನೂ ಬಲ್ಲ ಹುಡುಗನು, ತನಗೆ ಶಾಸ್ತ್ರದ ಭಾಷೆ ಬಾರದೆಂದು ನಂಬಿ ಹಿಂದೆ ಕುಳಿತರೆ, ನಷ್ಟವು ಅವನೊಬ್ಬನದಲ್ಲ.

ಆದುದರಿಂದ ಪರಿಭಾಷೆಯ ಕೆಲಸಕ್ಕೆ ಒಂದು ನಿಯಮವನ್ನು ಸೂಚಿಸಬಹುದು. ವಸ್ತುಗಳ ಹೆಸರನ್ನು ಎಲ್ಲಿಂದ ತಂದರೂ ಚಿಂತೆಯಿಲ್ಲ. ಒಮ್ಮೆ ನೆಲೆಗೊಂಡುದನ್ನು ಕದಲಿಸಬಾರದು. ಕ್ರಿಯೆಗಳ ಹೆಸರನ್ನು ಮಾತ್ರ ಆ ಕ್ರಿಯೆಗೆ ಸಮಾನವಾದ ದುಡಿಮೆ ನಡೆಯುವ ಕಡೆ ಮೊದಲು ಹುಡುಕಿ, ಹೋಲಿಕೆ ಎಲ್ಲಿ ನಿಲ್ಲುತ್ತದೆಯೆಂಬುದನ್ನೂ ಜೊತೆಯಲ್ಲಿಯೇ ಬರೆದಿಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕನ್ನಡ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಒಟ್ಟಿಗೆ ಕುಳಿತು, ಕಣ, ಕಾಲುವೆ, ಕುಲುಮೆಗಳ ಕ್ರಿಯಾಪದಗಳನ್ನು ಹೀಗೆ ಸಂಗ್ರಹಿಸುವುದು ಕಷ್ಟಸಾಧ್ಯವಾದ ಕಾರ್ಯವಲ್ಲ. ಕವಿರಾಜಮಾರ್ಗವು ಆ ನಾಡಿಗೆ ಕೊಟ್ಟ ಪ್ರಶಂಸೆಯು ಆಗ ಪಾಠಪುಸ್ತಕದ ಒಂದು ವಾಕ್ಯವಾಗಿ ಮಾತ್ರ ಉಳಿಯದೆ, ಪಾಠ ಹೇಳುವವರ ಕೈಗೆ ಒದಗುವ ಸಾಧನವೂ ಆಗುವುದು.